ದೋಣಿಯ ಹೆಸರಿನ ಖಾತೆ

ಚಂದನಾ,

ಮೊದಲು ಬಾಗಿಲಿನ ಚಿಲಕ ಹಾಕು, ಆಮೇಲೆ ಇದನ್ನು ಓದು.

ನಿಷೇಧವಿದ್ದರೂ ರಾತ್ರಿ ಪ್ರಖರ ದೀಪ ಹಾಕಿ ಮೀನು ಸೆಳೆದು ಲೈಟ್ ಫಿಶಿಂಗ್ ಮಾಡುವ ಆ ಟ್ರಾಲರಿನ ಬಗ್ಗೆ ನೀನು ಮೊಬೈಲಿನಲ್ಲಿ ಬರೆದದ್ದನ್ನು ಅದರ ಮಾಲೀಕ ಓದಿದ್ದಾನೆ. ಸ್ವಂತ ಹೆಸರು ಹಾಕದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದು ನೀನು ಹೇಳಿದ್ದೆ. ಆದರೆ ಖಾತೆಗೆ ನಮ್ಮ ದೋಣಿಯ ಹೆಸರನ್ನೇ ನಂಬರಿನ ಸಮೇತ ಇಟ್ಟಿದ್ದೀಯಲ್ಲ. ‘ಜಲಕನ್ಯಾ 417’ ಯಾರ ಮನೆಯದೆಂದು ಬೈತಖೋಲ ಬಂದರಿನಲ್ಲಿ ಐಸ್ ಹೊರುವವರಿಗೂ ಗೊತ್ತು.

ಮಧ್ಯಾಹ್ನ ಅವನ ಕಡೆಯ ಇಬ್ಬರು ಬಂದಿದ್ದರು.

“ಬರೆದದ್ದು ಯಾರು, ವೈನಿ? ಕಲಿತ ಮಗಳೇ ಅಲ್ವಾ?”

“ನಾನೇ” ಎಂದೆ.

“ಹಾಗಾದ್ರೆ ಐದಕ್ಕೆ ಮೀನುಗಾರರ ಸಂಘದ ಆಫೀಸಿಗೆ ಬಂದು ಮಾಲೀಕರ ಎದುರೇ ಹೇಳಿ.”

ಅಲ್ಲಿಗೇ ಹೊರಟಿದ್ದೇನೆ. ಅಪ್ಪ ಬಂದರೆ ನಾನು ಪೇಟೆಗೆ ಹೋಗಿದ್ದೇನೆ ಎನ್ನು. ಅವರ ಸಿಟ್ಟು ನಿನಗೆ ತಿಳಿದದ್ದೇ. ಬಂಗಡೆ ಸಾರು ಒಲೆಯ ಮೇಲಿದೆ, ಬಿಸಿ ಮಾಡಿ ಉಣ್ಣು.

ಹೆದರಿ ಆ ಬರಹವನ್ನು ಅಳಿಸಬೇಡ. ನಾನು ಅವರೆದುರು ಕೈಯಲ್ಲಿ ಮೊಬೈಲಿಲ್ಲದೆ ಕುಳಿತಿರುವಾಗಲೇ ಅದು ಮಾಯವಾದರೆ, ಬರೆದವಳು ಮನೆಯಲ್ಲಿದ್ದಾಳೆ ಎಂದು ಅವರಿಗೆ ಖಚಿತವಾಗುತ್ತದೆ.

ಕೇಳಿದರೆ ಹೇಳಲು ಬೇಕಲ್ಲ ಎಂದು ನೀನು ಬರೆದದ್ದನ್ನೆಲ್ಲ ನಾಲ್ಕು ಸಲ ಓದಿ ಬಾಯಿಪಾಠ ಮಾಡಿದ್ದೇನೆ. ಅದರಲ್ಲಿ ಒಂದು ಸುಳ್ಳೂ ಸಿಗಲಿಲ್ಲ.

ಆಯಿ