ಚೌಕದ ಬೋರ್ಡಿನ ನೀಲಿ

ಪ್ರೀತಿಯ ಮಾವನವರಿಗೆ,

ಕಣ್ಣಿನ ಕಟ್ಟು ಬಿಚ್ಚಿಸಿಕೊಂಡು ಮನೆಗೆ ಬಂದ ಮೇಲೆ, ಕೋಣೆಯ ಕಿಟಕಿ ತೆರೆಯುವ ಮೊದಲು ಇದನ್ನು ಓದಿ. ಎದುರು ನಿಂತು ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಎಲ್‌ಇಡಿ ಬೋರ್ಡಿನ ಅಂಗಡಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವರು ನೀವು. ಕೆಂಪಿಗೂ ಕಿತ್ತಳೆಗೂ ಏನು ವ್ಯತ್ಯಾಸ ಎಂದು ನಿಮ್ಮ ಮಗನನ್ನು ಕೇಳಿದರೆ "ಎರಡೂ ಉರೀತಿದೆಯಲ್ಲ" ಎನ್ನುತ್ತಾರೆ. ಅವರನ್ನು ಲೆಕ್ಕಕ್ಕೇ ಹಿಡಿಯದೆ ಕೆಲಸವನ್ನು ನನಗೆ ಒಪ್ಪಿಸಿದಿರಿ. ಒಂದೊಂದು ಚುಕ್ಕೆಯಲ್ಲೂ ಇರುವ ಕೆಂಪು, ಹಸಿರು, ನೀಲಿಯ ಮೂರು ಪುಟ್ಟ ದೀಪ ತೋರಿಸಿ, "ಮಂಕು ಮಾಡೋಕೆ ಕರೆಂಟು ಇಳಿಸಬೇಡಮ್ಮ, ಬಣ್ಣ ಕೆಡುತ್ತೆ. ಕಣ್ಣಿಗೆ ಗೊತ್ತಾಗದಷ್ಟು ಬೇಗ ಹೊತ್ತಿಸು, ಆರಿಸು. ಆರಿದ ಹೊತ್ತು ಹೆಚ್ಚಿದಷ್ಟೂ ಬೆಳಕು ಕಡಿಮೆ" ಎಂದಿರಿ. ಮೂರನ್ನೂ ಹದವಾಗಿ ಬೆರೆಸಿ ಬಿಳಿ ಬರಿಸುವುದೇ ಎಲ್ಲಕ್ಕಿಂತ ಕಷ್ಟ. ಅದಕ್ಕೆ ನೀವು ಬಣ್ಣ ಅಳೆಯುವ ಯಂತ್ರವನ್ನು ಹತ್ತಿರ ಸೇರಿಸುತ್ತಿರಲಿಲ್ಲ. ದೂರ ನಿಂತು, ತಲೆ ಓರೆ ಮಾಡಿ, ಕಣ್ಣಲ್ಲೇ ತೂಗುತ್ತಿದ್ದಿರಿ.

ನೀವೇ ಬಣ್ಣ ಹೊಂದಿಸಿದ ಹೊಸ ಬೋರ್ಡನ್ನು ಚೌಕದಲ್ಲಿ ಹಾಕಿದಾಗ ಅದರೊಳಗಿನ ಮುಖಗಳೆಲ್ಲ ಚಳಿ ಹಿಡಿದವರಂತೆ ನೀಲಿಯಾಗಿದ್ದವು. ನಾನು ಮೆಲ್ಲಗೆ ಹೇಳಿದೆ. ಗಿರಾಕಿ ಜೋರಾಗಿಯೇ ಹೇಳಿದ. ನೀವು ಕೆಂಡಾಮಂಡಲವಾಗಿ, "ನನ್ನ ಕಣ್ಣು ತಪ್ಪಿದ ದಿನ ಈ ಅಂಗಡಿ ಮೆಟ್ಟಿಲು ಹತ್ತಲ್ಲ" ಎಂದಿರಿ. ಆಡಿದ ಮಾತಿಗೆ ತಪ್ಪುವವರಲ್ಲ ನೀವು, ನನ್ನ ಭಯವೂ ಅದೇ. ಆಮೇಲೆ ಡಾಕ್ಟರು ಕಣ್ಣಿಗೆ ಪೊರೆ ಬಂದಿದೆ ಎಂದರು. ಹಳದಿಗಟ್ಟಿದ ಪೊರೆ ನೀಲಿಯನ್ನು ತಡೆಯುತ್ತದೆ ಎಂದು ಅವರು ವಿವರಿಸುವಾಗ ನೀವು ಗೋಡೆ ನೋಡುತ್ತಿದ್ದಿರಿ.

ನಿಮ್ಮ ಕಿಟಕಿಗೆ ಆ ಬೋರ್ಡೇ ಎದುರು. "ಅಪ್ಪ ಆಪರೇಷನ್ ಮುಗಿಸಿ ಬರೋದರೊಳಗೆ ಸರಿ ಮಾಡಿಬಿಡು, ಸುಮ್ಮನೆ ಯಾಕೆ ನೋವು" ಎಂದರು ನಿಮ್ಮ ಮಗ. ಹೋದೆ. ಲ್ಯಾಪ್‌ಟಾಪ್ ಜೋಡಿಸಿ, ನೀಲಿ ಇಳಿಸಲು ಬೆರಳಿಟ್ಟೆ. ಆಗಲಿಲ್ಲ ಮಾವ. ನಿಮಗೆ ತಿಳಿಯದಂತೆ ತಿದ್ದಿದರೆ ನಾನೇ ನಿಮ್ಮನ್ನು ಕೆಲಸದಿಂದ ಆಚೆ ಕಳಿಸಿದಂತೆ ಅನಿಸಿತು.

ಅಂಗಡಿಯಲ್ಲಿ ಬಿದ್ದಿದ್ದ ಹಳದಿ ಪ್ಲಾಸ್ಟಿಕ್ ಹಾಳೆಯೊಂದನ್ನು ತಂದು ಕಣ್ಣಿಗೆ ಅಡ್ಡ ಹಿಡಿದೆ. ಬೋರ್ಡಿನ ಮುಖಗಳಿಗೆ ಜೀವ ಬಂತು. ಬಿಳಿ ಅಪ್ಪಟ ಬಿಳಿಯಾಗಿತ್ತು, ನೀವು ಕಲಿಸಿದ ಅದೇ ಬಿಳಿ. ಅಷ್ಟು ಜನ ಓಡಾಡುತ್ತಿದ್ದ ರಸ್ತೆಯಲ್ಲೇ ಅತ್ತುಬಿಟ್ಟೆ. ಪೊರೆ ಬಂದ ನಿಮ್ಮ ಕಣ್ಣಿಗೆ ಕಾಣಿಸಿದ್ದಕ್ಕೆ ಎಷ್ಟು ಬೇಕೋ ಅಷ್ಟೇ ನೀಲಿ ಹಾಕಿದ್ದೀರಿ, ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಬೋರ್ಡನ್ನು ಹಾಗೆಯೇ ಬಿಟ್ಟಿದ್ದೇನೆ. ಕಿಟಕಿ ತೆರೆದಾಗ ನೀಲಿ ಕಾಣುತ್ತದೆ, ನೋವೂ ಆಗುತ್ತದೆ, ಗೊತ್ತು. ಅಂಗಡಿಯ ಮೆಟ್ಟಿಲು ತಾನೇ ನೀವು ಹತ್ತದಿರುವುದು? ಚೌಕಕ್ಕೆ ಮೆಟ್ಟಿಲಿಲ್ಲ. ಅಲ್ಲಿ ನಿಮಗೊಂದು ಕುರ್ಚಿ ಹಾಕಿಕೊಂಡು ಕಾಯುತ್ತಿರುತ್ತೇನೆ. ನೀವು ಸಾಕು ಅನ್ನುವವರೆಗೂ ನೀಲಿ ಇಳಿಸುತ್ತೇನೆ.

ಹೊಸ ಕಣ್ಣು ನಿಮಗೆ ಬೇಗ ಒಗ್ಗಲಿ, ನೂರು ಕಾಲ ಬೆಳಗಲಿ.

ನಿಮ್ಮ ಕೈಯಲ್ಲಿ ಕೆಲಸ ಕಲಿತ,
ಸೊಸೆ