ಸಾವಿರ ಮೀಟರಿನ ಹಲಗೆ

ವಿಂಕೊ ಮಾವನಿಗೆ,

ನೀವು ಹೋದ ಮೇಲೆ ಇವತ್ತೇ ಮೊದಲ ಸಲ ಬೋಹಿನ್ ಸರೋವರದ ಮೇಲಿನ ಬೆಟ್ಟ ಹತ್ತಿದೆ, ಒಬ್ಬಳೇ. ಮುರ್ಕಾ ಹೂವಿನ ಕಪ್ಪಿಗೆ ತಿರುಗಿದ ಕೆಂಪು, ಆ ಚಾಕೊಲೇಟ್ ವಾಸನೆ ಹಾಗೇ ಇವೆ. ನಿಮ್ಮಂತೆಯೇ ಮಂಡಿಯೂರಿ ಮೂಸಿದೆ, ಕೀಳಲಿಲ್ಲ. ಅಷ್ಟರಲ್ಲಿ ಹಳದಿ ಕೊಕ್ಕಿನ ಬೆಟ್ಟಗಾಗೆಯೊಂದು ಚೀಲದ ಮೇಲಿಟ್ಟಿದ್ದ ಬ್ರೆಡ್ಡನ್ನು ಹಾರಿಸಿಕೊಂಡು ಹೋಯಿತು.

ಹಿಂದೆ ಬರುತ್ತಿದ್ದ ಹುಡುಗಿಯೊಬ್ಬಳು ಬಿದ್ದು ಬಿದ್ದು ನಕ್ಕಳು. "ನಿನ್ನ ಊಟ ಹೋಯ್ತಲ್ಲೇ! ತಗೋ, ನಂದು ತಿನ್ನು."

ನನ್ನ ಮಗಳಿಗಿಂತ ಚಿಕ್ಕವಳು, ಗುರುತು ಪರಿಚಯವಿಲ್ಲ. ಆದರೆ ಬೆಟ್ಟದಲ್ಲಿ ಸಾವಿರ ಮೀಟರ್ ಎತ್ತರ ದಾಟಿದರೆ ನಮ್ಮಲ್ಲಿ ಎಲ್ಲರೂ ಎಲ್ಲರಿಗೂ 'ನೀನು' ಅಲ್ಲವೇ?

ನೀವು ಪ್ರತಿ ಬೇಸಿಗೆ '1000 ಮೀ.' ಎಂದು ಬರೆದ ಆ ಹಲಗೆಯ ಹತ್ತಿರ ನನಗಾಗಿ ಕಾಯುತ್ತಿದ್ದಿರಿ.

"ಇನ್ನು ಮೇಲೆ ಮಾವನೂ ಇಲ್ಲ, ಸೊಸೆಯೂ ಇಲ್ಲ. ಎಲ್ಲಿ, ಒಂದ್ಸಲ 'ವಿಂಕೊ, ನೀನು' ಅನ್ನು ನೋಡೋಣ!"

"ಸುಮ್ನೆ ನಡೀರಿ ಮಾವ," ಎನ್ನುತ್ತಿದ್ದೆ. ನೀವು ಟೋಪಿ ಸರಿಮಾಡಿಕೊಂಡು ಮುಂದೆ ನಡೆಯುತ್ತಿದ್ದಿರಿ. ಹನ್ನೊಂದು ಬೇಸಿಗೆ.

ಹುಡುಗಿ ಮುಂದೆ ಹೋದಳು. ಈಗ ಸುತ್ತ ಯಾರೂ ಇಲ್ಲ.

ವಿಂಕೊ, ಈ ಸಲ ಮುರ್ಕಾ ಬೆಟ್ಟದ ತುಂಬಾ ಬಿಟ್ಟಿದೆ. ನೀನು ನೋಡಬೇಕಿತ್ತು.

ಯೆರ್ನೇಯಾ