ಅಮ್ಮನ ತಟ್ಟೆಯ ಹುಳುಗಳು

ಅಕ್ಕೂರು,
೧೨-೨-೨೦೦೪

ನಮ್ಮ ಸರಸೂಗೆ ಅಪ್ಪನ ಆಶೀರ್ವಾದ.

ಹೈದರಾಬಾದಿನ ಹಾಸ್ಟೆಲಿನ ಖಾರ ಹೊಟ್ಟೆಗೆ ಒಗ್ಗಿತೇ? ಕೆಮ್ಮು ವಾಸಿಯಾಯಿತೇ? ಇಲ್ಲಿ ನಾವು ಸೌಖ್ಯ. ಈ ಸಲ ಹಾಗೆ ಬರೆಯುವಾಗ ಸುಳ್ಳು ಬೆರೆಸಿಲ್ಲ. ನಿಮ್ಮಮ್ಮ ಇವತ್ತು ಮುದ್ದೆಯನ್ನು ತಾನೇ ಕಟ್ಟಿದಳು.

ನಿನ್ನ ಲ್ಯಾಬಿನ ಇಲಿಗಳಿಗೆ ಮನುಷ್ಯರ ಜೀನು ಸೇರಿಸಿರುವುದರಿಂದ ಅವುಗಳ ಕೀಲೂ ಅಮ್ಮನ ಬೆರಳಿನ ಹಾಗೇ ಊದುತ್ತವೆ, ಅವುಗಳ ಊತ ಇಳಿಸಿದ ಜಾತಿಯ ಔಷಧಿಯ ಸೂಜಿಯನ್ನೇ ಬೆಂಗಳೂರಿನ ಡಾಕ್ಟರು ಅಮ್ಮನಿಗೆ ಹೇಳಿರುವುದು ಎಂದು ನೀನು ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದೆ. ಇಲಿಗಳ ಬಗ್ಗೆ ಅವಳ ತಕರಾರಿರಲಿಲ್ಲ. ಇದ್ದದ್ದು ರೇಷ್ಮೆಹುಳುವಿನ ಚಿಂತೆ. ಬೀಡಿ ಸೇದಿದವರನ್ನು, ಹೊಲಕ್ಕೆ ಔಷಧಿ ಹೊಡೆದು ಬಂದವರನ್ನು ಹುಳುಮನೆಯ ಹೊಸಿಲು ದಾಟಿಸದವಳು ಅವಳು. "ಸೂಜಿ ಹಾಕುಸ್ಕಂಡ್ರೆ ಬೆವರ್ನಾಗೂ ಅದೇ ವಾಸ್ನೆ ಬತ್ತದೆ, ನಾನು ಮುಟ್ಟಿದ್ ಸೊಪ್ಪ ಹುಳ ತಿನ್ನಾಕಿಲ್ಲ" ಎಂದು ಹಟ ಹಿಡಿದಳು. ಗೂಡಿನ ರೇಟು ಏರಿ ಊರೆಲ್ಲ ಬೆಳೆಯ ಮೇಲೆ ಬೆಳೆ ತೆಗೆಯುತ್ತಿರುವಾಗ, ಈ ಬೆಳೆ ಮುಗಿಯಲಿ ಎಂಬ ಅವಳ ಮಾತಿಗೆ ಕೊನೆಯೆಲ್ಲಿ? ಬೆರಳುಗಳು ಸೊಟ್ಟಗಾಗುತ್ತಿದ್ದವು. ನನಗೆ ಹೆದರಿಕೆಯಾಗಿತ್ತು ಮಗಳೇ.

ಕೊನೆಗೆ ನಿನ್ನ ದಾರಿಯನ್ನೇ ಹಿಡಿದೆ. ನೀವು ಇಲಿಗಳನ್ನು ಎರಡು ಗುಂಪು ಮಾಡುವ ಹಾಗೆ, ಒಂದೇ ಸಲ ಮೊಟ್ಟೆಯೊಡೆದ ಹುಳುಗಳನ್ನು ಎರಡು ತಟ್ಟೆಗೆ ಹಂಚುವುದು. ಸೂಜಿ ಹಾಕಿಸಿಕೊಂಡು ಬಂದ ಮೇಲೆ ಒಂದಕ್ಕೆ ಅವಳು ಸೊಪ್ಪು ಹಾಕಬೇಕು, ಇನ್ನೊಂದಕ್ಕೆ ನಾನು. ತನ್ನ ತಟ್ಟೆಯ ಹುಳು ಕೆಟ್ಟರೆ ಮತ್ತೆ ಸೂಜಿಯ ಮಾತೆತ್ತಬಾರದು ಎಂದು ಭಾಷೆ ತೆಗೆದುಕೊಂಡೇ ಬಸ್ಸು ಹತ್ತಿದಳು. ಆಮೇಲೆ ನಾನು ಕದ್ದು ಕದ್ದು ಅವಳ ತಟ್ಟೆ ನೋಡಿದ್ದೇ ನೋಡಿದ್ದು. ದೊಡ್ಡಮಳೂರಿನ ಅಪ್ರಮೇಯಸ್ವಾಮಿಗೆ ಹರಕೆ ಹೊತ್ತದ್ದೂ ಉಂಟು. ಅವಳ ಹುಳು ನನ್ನವಕ್ಕಿಂತ ಮೊದಲೇ ಹಣ್ಣಾಗಿ ನೂಲು ಬಿಡಲು ತಯಾರಾದವು! ಒಂದೊಂದನ್ನೂ ತಾನೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟಳು. ಈಗ ಅದರ ತುಂಬ ಹಳದಿ ಗೂಡು. ನನ್ನ ತಟ್ಟೆ ನೋಡಿ, "ನಿಮ್ಗೂ ಒಂದ್ ಸೂಜಿ ಹಾಕ್ಸಬೇಕಿತ್ತು" ಎಂದು ಆಡಿಕೊಂಡಳು. ಮನಸ್ಸು ಎಷ್ಟು ಹಗುರವಾಗಿತ್ತೆಂದರೆ ನಾನೂ ನಕ್ಕೆ.

ಇಲಿಗಳನ್ನು ಕೊಲ್ಲಬೇಕಾದ ದಿನ ಊಟ ಸೇರುವುದಿಲ್ಲ ಎಂದಿದ್ದೀಯ. ಗೂಡನ್ನು ಬೇಯಿಸುವವರಿಗೆ ಮಾರುವ ನಾನು ನಿನಗೇನು ಹೇಳಲಿ? ಉಪವಾಸ ಮಾತ್ರ ಇರಬೇಡ.

ನಿನ್ನ ಒಳಿತನ್ನೇ ಬೇಡುವ,
ಅಪ್ಪ ಕೃಷ್ಣಪ್ಪ

ವಿ.ಸೂ.: ಸರಸು, ನಾನು ಅಮ್ಮ. ಕಾಗ್ದವ ಡಬ್ಬಕ್ಕೆ ಹಾಕು ಅಂತ ನನ್ ಕೈಗೆ ಕೊಟ್ಟವ್ರೆ. ಹುಳ ಸತ್ತೋಗಿದ್ರೂ ನಾನು ಸೂಜಿ ಬುಡ್ತಿರಲಿಲ್ಲ ಕಣವ್ವ. ಎಷ್ಟೋ ವರ್ಷದ್ ಮ್ಯಾಲೆ ನೋವಿಲ್ದೆ ಮಲಗಿದ್ದೆ. ನಿಮ್ಮಪ್ಪಂಗೆ ಹೇಳ್ಬೇಡ. ಊತ ಇಳಿದಾಗ ನಿನ್ ಇಲಿಗೋಳೂ ಹಿಂಗೇ ನಿದ್ದೆ ಮಾಡ್ತಾವಾ?